ಬೆಳಿಗ್ಗೆಯೇ ಬರೆದಿಟ್ಟ ಸಾಲು

ಸರ್ಕಾರಿ ಆಸ್ಪತ್ರೆಯ ಹಿಂದಿನ ಗೇಟಿನ ಪಕ್ಕ, ಶವಾಗಾರಕ್ಕೆ ತಿರುಗುವ ದಾರಿಯಲ್ಲಿ, ತಗಡಿನ ಮಾಡಿನ ಕೆಳಗೆ ಒಂದು ಮೇಜು. ಮೇಜಿನ ಹಿಂದೆ ಅರ್ಜಿ ಅಕ್ಕ. ಅವಳಿಗೂ ಹೆತ್ತವರು ಇಟ್ಟ ಹೆಸರೊಂದಿತ್ತು, ಇರದೆ ಏನು. ಆದರೆ ಇಪ್ಪತ್ತೆರಡು ವರ್ಷಗಳಿಂದ ಅದನ್ನು ಹಿಡಿದು ಕರೆಯುತ್ತಿದ್ದವನು ಗಂಡನೊಬ್ಬನೇ, ಅದೂ ಜಗಳ ಬಂದಾಗ. ಉಳಿದವರಿಗೆಲ್ಲ, ದೊಡ್ಡ ಡಾಕ್ಟರಿಂದ ಹಿಡಿದು ಗೇಟಿನ ಕಾವಲುಗಾರನವರೆಗೆ, ಅವಳು ಅಕ್ಕ.

ಅವಳನ್ನು ಆ ಜಾಗಕ್ಕೆ ತಂದು ಕೂರಿಸಿದವನು ಗಂಡನೇ. ಅವನು ಅದೇ ಆಸ್ಪತ್ರೆಯಲ್ಲಿ ಲಿಫ್ಟ್ ನಡೆಸುತ್ತಿದ್ದ. "ಮೂವತ್ತು ವರ್ಷ ಮೇಲೆ ಕೆಳಗೆ ಓಡಾಡಿದೆ, ಒಂದು ಹೆಜ್ಜೆ ಮುಂದೆ ಹೋಗ್ಲಿಲ್ಲ" ಎಂದು ಈಗಲೂ ನಗುತ್ತಾನೆ. ಲಿಫ್ಟಿನಲ್ಲಿ ಅಳುತ್ತ ನಿಂತವರು, ಹೆಣ ಬಿಡಿಸಿಕೊಳ್ಳಲು ಅರ್ಜಿ ಕೊಡಬೇಕಂತೆ, ಯಾರು ಬರೆದುಕೊಡುತ್ತಾರೆ ಎಂದು ಅವನನ್ನೇ ಕೇಳುತ್ತಿದ್ದರು. ಅವನ ಅಕ್ಷರವೋ, ಕೋಳಿ ಕೆದರಿದ ಹಾಗೆ. ಹೆಂಡತಿಯದು ಅಚ್ಚು ಹಾಕಿದ ಹಾಗೆ. ಹತ್ತನೆಯ ತರಗತಿ ಪಾಸಾಗಿ ಮನೆಯಲ್ಲಿ ಕೂತವಳನ್ನು ಒಂದು ದಿನ ಕರೆತಂದ, ಅವಳು ಅಲ್ಲೇ ಬೇರು ಬಿಟ್ಟಳು. ಎದುರಿಗೆ ಜೆರಾಕ್ಸ್ ಅಂಗಡಿ ಬಂತು, ಕಂಪ್ಯೂಟರ್ ಬಂತು. ಆದರೂ ಕಚೇರಿಯ ಗುಮಾಸ್ತರು ಅಕ್ಕನ ಕೈಬರಹ ಕಂಡರೆ ಕಣ್ಣು ಮುಚ್ಚಿಕೊಂಡು ಮುದ್ರೆ ಒತ್ತುತ್ತಿದ್ದರು.

ಅವಳ ಕೆಲಸದ ರೀತಿ ಅವಳದೇ. ಬೆಳಿಗ್ಗೆ ಒಂಬತ್ತಕ್ಕೆ ಬಂದವಳು, ಮೇಜು ಒರೆಸಿ, ಟೀ ಕುಡಿದು, ಯಾರೂ ಬರುವ ಮುಂಚೆಯೇ ಇಪ್ಪತ್ತು ಹಾಳೆ ತೆಗೆದುಕೊಂಡು ಕೂರುತ್ತಿದ್ದಳು. ಪ್ರತಿಯೊಂದರ ತಲೆಯಲ್ಲಿ ಮೂರು ಸಾಲು: ವೈದ್ಯಾಧಿಕಾರಿಗಳಿಗೆ, ಮಾನ್ಯರೇ, ಈ ಕೆಳಗೆ ಸಹಿ ಮಾಡಿರುವ ನಾನು ತಿಳಿಸುವುದೇನೆಂದರೆ. ಬುಡದಲ್ಲಿ ಎರಡು ಸಾಲು: ಸದರಿ ಮರಣದ ವಿಷಯದಲ್ಲಿ ನಮಗೆ ಯಾರ ಮೇಲೂ ಯಾವುದೇ ಅನುಮಾನ, ದೂರು ಇರುವುದಿಲ್ಲ, ಆದ್ದರಿಂದ ಶವವನ್ನು ನಮ್ಮ ವಶಕ್ಕೆ ಕೊಡಬೇಕಾಗಿ ಬೇಡಿಕೊಳ್ಳುತ್ತೇನೆ. ನಡುವೆ ಖಾಲಿ. ಜನ ಬಂದಾಗ ಸತ್ತವರ ಹೆಸರು, ವಯಸ್ಸು, ಹೇಗೆ ಸತ್ತರು ಅನ್ನುವುದನ್ನು ಆ ನಡುವಿಗೆ ತುಂಬಿದರೆ ಆಯಿತು. ಎದೆ ಒಡೆದುಕೊಂಡು ನಿಂತವರನ್ನು ಅರ್ಧ ಗಂಟೆ ಕಾಯಿಸಬಾರದು ಎಂಬುದು ಅವಳ ಲೆಕ್ಕಾಚಾರ. ಐದು ನಿಮಿಷದಲ್ಲಿ ಅರ್ಜಿ ಕೈಗೆ.

ಆ ಎರಡು ಸಾಲನ್ನು ಅವಳು ಸುಮ್ಮನೆ ಹಿಡಿದುಕೊಂಡವಳಲ್ಲ. ಮೊದಲ ವರ್ಷ ಒಬ್ಬ ಬಡಗಿಯ ಹೆಂಡತಿಗೆ ಅರ್ಜಿ ಬರೆಯುವಾಗ, ಮೇಸ್ತ್ರಿಯ ಮೇಲೆ ಅನುಮಾನ ಇದೆ ಎಂದು ಆಕೆ ಹೇಳಿದ್ದನ್ನು ಹೇಳಿದ ಹಾಗೆಯೇ ಬರೆದಿದ್ದಳು. ಹೆಣ ನಾಲ್ಕು ದಿನ ಒಳಗೇ ಉಳಿಯಿತು. ಆ ಹೆಂಗಸು ನಾಲ್ಕು ದಿನವೂ ಇದೇ ಮೇಜಿನ ಎದುರು ನೆಲದ ಮೇಲೆ ಕೂತಿದ್ದಳು. ಐದನೆಯ ದಿನ ಬಾಗಿಲು ತೆರೆದಾಗ ಹೆಣದ ಮುಖ ನೋಡುವ ಹಾಗಿರಲಿಲ್ಲ. ಆಮೇಲಿಂದ ಯಾರು ಏನು ಶುರು ಮಾಡಿದರೂ ಅಕ್ಕ ಮೆತ್ತಗೆ ಹೇಳಿಬಿಡುತ್ತಿದ್ದಳು: "ಅದೆಲ್ಲ ಆಮೇಲೆ ನೋಡೋಣ. ಮೊದಲು ಮನೆಗೆ ಕರ್ಕೊಂಡು ಹೋಗಿ." ಜನ ತಲೆಯಾಡಿಸುತ್ತಿದ್ದರು. ಆಮೇಲೆ ಅನ್ನುವುದು ಬಂತೋ ಇಲ್ಲವೋ, ಅವಳು ವಿಚಾರಿಸಲು ಹೋಗಲಿಲ್ಲ.

ಆ ಮಂಗಳವಾರ ಮಧ್ಯಾಹ್ನ ದಫೇದಾರರು ಓಡುತ್ತ ಬಂದರು. ಅವರು ಆಸ್ಪತ್ರೆಯ ಪೊಲೀಸ್ ಚೌಕಿಯವರು, ಮೆದು ಮನುಷ್ಯ, ಆ ತಗಡಿನ ಮಾಡನ್ನು ಹಾಕಿಸಿಕೊಟ್ಟವರೂ ಅವರೇ. ಅವರ ಹಿಂದೆ ಒಬ್ಬ ಹೆಂಗಸು, ಶಾಲೆಯೊಂದರಲ್ಲಿ ಆಯಾ ಆಗಿದ್ದವಳು. ಶಾಲೆಯಿಂದ ನೇರ ಬಂದಿದ್ದಳು, ಸೊಂಟಕ್ಕೆ ಸಿಕ್ಕಿಸಿದ ಒರೆಸುವ ಬಟ್ಟೆ ಇನ್ನೂ ಹಾಗೇ ಇತ್ತು. ಅವಳ ಒಬ್ಬನೇ ಮಗ, ಮನೆ ಮನೆಗೆ ಹೋಗಿ ಗ್ಯಾಸ್ ಒಲೆ ರಿಪೇರಿ ಮಾಡುವವನು, ಕೂಡುರಸ್ತೆಯಲ್ಲಿ ಪೊಲೀಸರು ಗಾಡಿ ತಡೆದಾಗ ಕೆಳಗೆ ಇಳಿದಿದ್ದ. ಕಾಗದ ಕೇಳಿದರು. ಕಾಗದ ತೆಗೆಯಲು ಚೀಲಕ್ಕೆ ಕೈ ಹಾಕಿದ. ಅವತ್ತು ಅವರು ಯಾರೋ ಶಸ್ತ್ರಧಾರಿ ದರೋಡೆಕೋರರನ್ನು ಹುಡುಕುತ್ತಿದ್ದರಂತೆ, ಗುಂಡು ಹಾರಿಸಿದರು. ಚೀಲದಲ್ಲಿದ್ದದ್ದು ಒಲೆಯ ಪೈಪು, ಸ್ಪ್ಯಾನರು, ಲೈಸೆನ್ಸು.

"ಅಕ್ಕ, ಬೇಗ ಬರ್ದುಕೊಡಿ. ಕತ್ತಲಾಗೋದರೊಳಗೆ ಕಳಿಸಿಬಿಡೋಣ, ಆ ತಾಯಿ ಮುಖ ನೋಡೋಕಾಗ್ತಿಲ್ಲ" ಎಂದರು ದಫೇದಾರರು. ಅವರಿಗೆ ಮೇಲಿನಿಂದ ಯಾರಾದರೂ ಹೇಳಿಕೊಟ್ಟಿದ್ದರೋ, ನಿಜವಾಗಿ ಕನಿಕರವೋ, ದೇವರಿಗೇ ಗೊತ್ತು. ಎರಡೂ ಇದ್ದಿರಬಹುದು.

ಆಯಾ ಮೇಜಿನ ಅಂಚು ಹಿಡಿದು ಹೇಳಿದ್ದು ಒಂದೇ ಮಾತು: "ಪೊಲೀಸರು ಹೊಡೆದ್ರು. ಕಾಗದ ತಗೀತಿದ್ದ, ಹೊಡೆದುಬಿಟ್ರು."

ಅಕ್ಕ ಹಾಳೆ ಎಳೆದುಕೊಂಡಳು. ಹೆಸರು ಬರೆದಳು, ಮೂವತ್ತೊಂದು ವರ್ಷ ಎಂದು ಬರೆದಳು. ಪೊಲೀಸರ ಗುಂಡು ತಗುಲಿ ಎಂದೂ ಬರೆದಳು, ಅಷ್ಟನ್ನು ಮುಚ್ಚಲಿಲ್ಲ. ಮೂರು ಸಾಲಿನ ಜಾಗದಲ್ಲಿ ಐದು ಸಾಲು ಹಿಡಿಸಬೇಕಾಗಿ ಬಂತು, ಅಕ್ಷರಗಳು ಇರುವೆ ಸಾಲಿನ ಹಾಗೆ ಸಣ್ಣಗಾದವು. ಆಯಾ ಹೆಬ್ಬೆಟ್ಟು ಒತ್ತಿದಳು. ಕೆಳಗಿನ ಎರಡು ಸಾಲಿನ ಮೇಲೆ ಅಕ್ಕನ ಕಣ್ಣು ಹೋಗಲೇ ಇಲ್ಲ. ಅದು ದಿನಾ ಇರುವ ಸಾಲು, ಮೇಜಿನ ಕಾಲನ್ನು ಯಾರು ದಿನಾ ನೋಡುತ್ತಾರೆ. ಮಗ ಸಂಜೆಯ ಹೊತ್ತಿಗೆ ಮನೆ ಸೇರಿದ.

ಮರುದಿನದಿಂದ ಊರು ಕುದಿಯಿತು. ಕೂಡುರಸ್ತೆಯಲ್ಲಿ ಶಾಮಿಯಾನ ಎದ್ದಿತು. ಒಲೆ ರಿಪೇರಿಯವನು ಯಾರ ಮನೆಯ ಅಡುಗೆಮನೆಗೆ ತಾನೆ ಹೋಗಿರಲಿಲ್ಲ. ಹೆಂಗಸರೇ ಮೊದಲು ಬಂದು ಕೂತರು. ಬೀದಿಯ ಟೈಲರ್ ಮುಂದಾಳಾದ, ಅವನ ಗಂಟಲು ಮೊದಲೇ ದೊಡ್ಡದು, ಈಗ ಮೈಕ್ ಬೇರೆ. ಗುಂಡು ಹಾರಿಸಿದವರ ಮೇಲೆ ಕೊಲೆ ಮೊಕದ್ದಮೆ ಹಾಕಿ ಎಂಬುದು ಒಂದೇ ಬೇಡಿಕೆ. ಆಯಾ ಎದುರು ಸಾಲಿನಲ್ಲಿ ಮಗನ ಫೋಟೊ ಮಡಿಲಲ್ಲಿಟ್ಟುಕೊಂಡು ಕೂತಿದ್ದಳು. ಪೊಲೀಸರ ಪರವಾಗಿಯೂ ಬಾಯಿಗಳಿದ್ದವು. ಕ್ಷೌರದ ಅಂಗಡಿಯಲ್ಲಿ ಅರ್ಧ ಗಡ್ಡಕ್ಕೆ ನೊರೆ ಹಚ್ಚಿಸಿಕೊಂಡ ಒಬ್ಬರು, "ಅವರೂ ಮನುಷ್ಯರೇ ಅಲ್ವೇನ್ರಿ, ಜೀವ ಅಂಗೈಲಿ ಹಿಡ್ಕೊಂಡು ನಿಂತಿರ್ತಾರೆ" ಎಂದದ್ದಕ್ಕೆ ಇನ್ನೊಬ್ಬರು, "ಅಂಗೈಲಿ ಬಂದೂಕು ಇತ್ತು ಸ್ವಾಮಿ, ಜೀವ ಅವನದು ಹೋಯ್ತು" ಎಂದು ಎದ್ದೇ ಹೋದರು.

ಅಕ್ಕನ ಮನೆಯಲ್ಲಿ ಗಂಡ ಟಿವಿಯ ಜೊತೆ ಜಗಳಕ್ಕೆ ನಿಂತ. ಚರ್ಚೆಯಲ್ಲಿ ಆರು ಜನ ಒಟ್ಟಿಗೆ ಕೂಗಿದರೆ ಇವನು ಏಳನೆಯವನು. "ಇವರನ್ನೆಲ್ಲ ಒಂದು ಲಿಫ್ಟಲ್ಲಿ ಹಾಕಿ ಮಧ್ಯದಲ್ಲಿ ನಿಲ್ಲಿಸ್ಬೇಕು ಕಣೇ" ಎನ್ನುತ್ತಿದ್ದ. ಅಕ್ಕ ತಟ್ಟೆ ತೊಳೆಯುತ್ತ ನಗುತ್ತಿದ್ದಳು. ಒಂಬತ್ತನೆಯ ದಿನದವರೆಗೆ ನಗುತ್ತಿದ್ದಳು.

ಒಂಬತ್ತನೆಯ ದಿನ ಸಂಜೆ ಪೊಲೀಸ್ ಇಲಾಖೆಯ ದೊಡ್ಡ ಅಧಿಕಾರಿಯೊಬ್ಬರು ಟಿವಿಯಲ್ಲಿ ಒಂದು ಹಾಳೆ ಎತ್ತಿ ತೋರಿಸಿದರು. "ಇಷ್ಟೆಲ್ಲ ಗಲಾಟೆ ಯಾಕೆ ಅಂತ ನಮಗೂ ಅರ್ಥ ಆಗ್ತಿಲ್ಲ. ಘಟನೆ ನಡೆದ ದಿನವೇ ತಾಯಿ ಬರೆದುಕೊಟ್ಟಿದ್ದಾರೆ, ಯಾರ ಮೇಲೂ ದೂರಿಲ್ಲ ಅಂತ. ಇಲ್ಲಿದೆ ಅವರ ಹೆಬ್ಬೆಟ್ಟು." ಕ್ಯಾಮೆರಾ ಹತ್ತಿರ ಹೋಯಿತು. ಅಕ್ಕನ ಅಕ್ಷರ ಟಿವಿಯ ಉದ್ದಗಲಕ್ಕೂ ತುಂಬಿಕೊಂಡಿತು.

ಅವಳ ಕೈಯಲ್ಲಿದ್ದ ತಟ್ಟೆ ನೆಲಕ್ಕೆ ಬಿತ್ತು. ಗಂಡ ಟಿವಿ ನೋಡಿದ, ಅವಳನ್ನು ನೋಡಿದ. ಅವನಿಗೆ ಹೇಳಿಕೊಡಬೇಕಾಗಿರಲಿಲ್ಲ.

"ನಿನ್ನ ಅಕ್ಷರ" ಎಂದ.

"ನನ್ನದೇ."

"ಆಯಮ್ಮ ಹಾಗೆ ಹೇಳಿದ್ಲಾ?"

"ಇಲ್ಲ ಕಣ್ರೀ. ಅದು ಬೆಳಿಗ್ಗೆನೇ ಬರ್ದಿಟ್ಟಿದ್ದು. ಒಂಬತ್ತು ಗಂಟೆಗೆ."

ಒಂಬತ್ತು ಗಂಟೆಗೆ ಆ ಹುಡುಗ ಬದುಕಿದ್ದ. ಯಾರದೋ ಒಲೆಯ ಮುಂದೆ ಮಂಡಿಯೂರಿ ಕೂತು ಉರಿ ನೀಲಿ ಬರುತ್ತದೋ ಇಲ್ಲವೋ ಎಂದು ನೋಡುತ್ತಿದ್ದಿರಬೇಕು. ಅವನ ಸಾವಿಗೆ ಅವನ ತಾಯಿಯ ದೂರಿಲ್ಲ ಎಂದು ಅಷ್ಟರಲ್ಲಿ ಬರೆದಾಗಿತ್ತು.

ಊರಿನ ಬಾಯಿ ತಿರುಗಲು ಒಂದು ರಾತ್ರಿ ಸಾಕಾಯಿತು. ಒಳಗಿಂದೊಳಗೆ ಒಪ್ಪಂದ ಆಗಿದೆಯಂತೆ, ಹೊರಗೆ ಫೋಟೊ ಹಿಡಿದು ಅಳುತ್ತಾಳಂತೆ. ಒಬ್ಬರು ಉಪ್ಪು ಹಚ್ಚಿದರೆ ಇನ್ನೊಬ್ಬರು ಖಾರ ಹಚ್ಚಿದರು. ಶಾಮಿಯಾನದಲ್ಲಿ ಆಯಾಳ ಅಕ್ಕಪಕ್ಕದ ಜಾಗ ಖಾಲಿಯಾಯಿತು. ಟೈಲರ್ ಮೈಕ್ ಹಿಡಿದು, "ಹೆತ್ತವರೇ ಬಿಟ್ಟುಕೊಟ್ಟರೆ ನಾವು ಯಾರಿಗೋಸ್ಕರ ಬಿಸಿಲಲ್ಲಿ ಕೂರೋದು" ಎಂದನಂತೆ, ಅವಳು ಎದುರಿಗೆ ಕೂತಿರುವಾಗಲೇ. ಅವನ ನಾಲಿಗೆಗೆ ಮೂಳೆ ಇಲ್ಲ ನಿಜ, ಆದರೆ ಅವನನ್ನು ಬೈದು ಏನು ಬಂತು. ಅವನು ಓದಿದ್ದು ಅಕ್ಕ ಬರೆದದ್ದನ್ನೇ.

ಎರಡು ದಿನ ಕಳೆದು ಆಯಾ ಮೇಜಿನ ಹತ್ತಿರ ಬಂದಳು. ಅಕ್ಕ ದೂರದಿಂದಲೇ ಗುರುತು ಹಿಡಿದಳು. ಜಗಳಕ್ಕೆ ಬಂದಿದ್ದರೆ ಒಳ್ಳೆಯದಿತ್ತು. ಅವಳು ಮೆಲ್ಲಗೆ ಸ್ಟೂಲಿನ ಮೇಲೆ ಕೂತಳು.

"ಅಕ್ಕ, ನನಗೆ ಆವತ್ತಿಂದು ಒಂದೂ ನೆನಪಿಲ್ಲ. ನಾನು ಏನು ಹೇಳಿದೆ ನಿಮ್ಮ ಹತ್ರ?"

ಅಕ್ಕ ಮೇಜಿನ ಮೇಲಿನ ಹಾಳೆಗಳನ್ನು ಜೋಡಿಸತೊಡಗಿದಳು.

"ಎಲ್ಲರೂ ಹೇಳ್ತಾರೆ, ನೀನೇ ದೂರಿಲ್ಲ ಅಂದೆ ಅಂತ. ಅಂದಿರಬಹುದೇನೋ ಅಂತ ಈಗ ನನಗೂ ಅನ್ನಿಸ್ತಿದೆ. ಮಗನ್ನ ಬೇಗ ಮನೆಗೆ ಕರ್ಕೊಂಡು ಹೋಗ್ಬೇಕು ಅನ್ನೋದೊಂದೇ ಇತ್ತು ತಲೇಲಿ. ಆ ಆಸೆಗೆ ಅವನನ್ನೇ ಬಿಟ್ಟುಕೊಟ್ನಾ ನಾನು? ನೀವು ಬರ್ದೋರು, ನಿಮಗೆ ನೆನಪಿರುತ್ತೆ."

ಇಂಥ ಹೊತ್ತಿನಲ್ಲಿ ನಿಜ ಹೇಳಲು ಎಷ್ಟು ಹೊತ್ತು ಬೇಕು? ಒಂದು ಉಸಿರು. ಅಕ್ಕ ಪೆನ್ನಿನ ಮುಚ್ಚಳ ತೆಗೆದಳು, ಹಾಕಿದಳು. ಚೌಕಿಯ ಬಾಗಿಲಲ್ಲಿ ದಫೇದಾರರು ನಿಂತು ನೋಡುತ್ತಿದ್ದರು.

"ದಿನಕ್ಕೆ ಎಷ್ಟೋ ಜನ ಬರ್ತಾರಮ್ಮ" ಎಂದಳು. "ನೆನಪಿಲ್ಲ."

ಆಯಾ ತಲೆಯಾಡಿಸಿದಳು. "ಹೌದು, ನಿಮಗೆಲ್ಲಿ ನೆನಪಿರುತ್ತೆ ಪಾಪ" ಎಂದು ಎದ್ದು ಹೋದಳು. ಆ ಪಾಪ ಅನ್ನುವ ಮಾತು ಕೆನ್ನೆಗೆ ಬಾರಿಸಿದ್ದಕ್ಕಿಂತ ಹೆಚ್ಚಾಯಿತು.

ದಫೇದಾರರು ಸ್ವಲ್ಪ ಹೊತ್ತು ಬಿಟ್ಟು ಬಂದರು. ಹೆದರಿಸಲಿಲ್ಲ, ಹೆದರಿಸುವ ಜನವೇ ಅಲ್ಲ ಅವರು. "ಅಕ್ಕ, ಸೋಮವಾರ ಊರ ಸಭಾಂಗಣದಲ್ಲಿ ಆ ಹುಡುಗನ ಸಾವಿನ ವಿಚಾರಣೆ ಇದೆ. ಯಾರು ಬೇಕಾದ್ರೂ ಹೋಗಿ ಹೇಳಿಕೆ ಕೊಡಬಹುದಂತೆ. ನೀವು ಹೋಗಬೇಡಿ. ಹೋದ್ರೆ ಈ ಮೇಜನ್ನ ನಾನು ಉಳಿಸಿಕೊಡೋಕಾಗಲ್ಲ. ನನ್ನ ಮೇಲಿನವರು ಕೇಳ್ತಾರೆ, ಅವಳನ್ನ ಅಲ್ಲಿ ಕೂರಿಸಿದ್ದು ಯಾರು ಅಂತ." ಅವರ ಕಣ್ಣಲ್ಲಿ ನೀರಿತ್ತು. ಬೇಡಿಕೊಳ್ಳುವವರನ್ನು ಎದುರಿಸುವುದು ಗದರಿಸುವವರನ್ನು ಎದುರಿಸಿದಷ್ಟು ಸುಲಭವಲ್ಲ.

ಭಾನುವಾರವೆಲ್ಲ ಅಕ್ಕ ಮನೆಯಲ್ಲಿ ಸಿಡಿಸಿಡಿ ಎಂದಳು. ಪಾತ್ರೆ ಕುಕ್ಕಿದಳು, ಕಿಟಕಿ ಒರೆಸಿದಳು, ಒರೆಸಿದ್ದನ್ನೇ ಮತ್ತೆ ಒರೆಸಿದಳು. "ಊರ ಉಸಾಬರಿ ನಮಗ್ಯಾಕೆ" ಎಂದು ತಾನೇ ಹೇಳಿ, ಯಾರೂ ಎದುರಾಡದಿದ್ದರೂ ತಾನೇ ಸಿಟ್ಟಾದಳು. ಗಂಡ ಟಿವಿ ಆರಿಸಿದ. ಅದು ಆ ಮನೆಯಲ್ಲಿ ದೊಡ್ಡ ಸಂಗತಿ.

"ನೋಡು" ಎಂದ. "ಲಿಫ್ಟಲ್ಲಿ ನಾನು ಎಷ್ಟೋ ಅಳು ಕೇಳಿದ್ದೀನಿ. ಬಾಗಿಲು ತೆಗೆದ್ರೆ ಹೋಗಿಬಿಡೋರು, ನನಗೆ ಅಲ್ಲಿಗೆ ಮುಗೀತು. ನಿನ್ನದು ಹಾಗಲ್ಲ. ನಿನ್ನದು ಕಾಗದದ ಮೇಲಿದೆ. ಹೋಗು ಅಂತಾನೂ ಹೇಳಲ್ಲ, ಬೇಡ ಅಂತಾನೂ ಹೇಳಲ್ಲ. ಹೋಗೋದಾದ್ರೆ ಒಂದು ಮಾತು ಹೇಳು, ಶರ್ಟ್ ಇಸ್ತ್ರಿ ಮಾಡ್ಕೋತೀನಿ."

ಅಕ್ಕನಿಗೆ ನಗುವೂ ಬಂತು, ಅಳುವೂ ಬಂತು. ಅವಳು ಇಸ್ತ್ರಿ ಪೆಟ್ಟಿಗೆ ತೆಗೆದು ಪ್ಲಗ್ಗಿಗೆ ಸಿಕ್ಕಿಸಿದಳು.

ಸಭಾಂಗಣ ಕಿಕ್ಕಿರಿದಿತ್ತು. ಎದುರಿಗೆ ಉದ್ದ ಮೇಜು, ಅದರ ಹಿಂದೆ ವಿಚಾರಣಾಧಿಕಾರಿ, ನರೆತ ಕೂದಲಿನ, ಮಾತು ಕಡಿಮೆಯ ಹೆಂಗಸು. ಆಯಾ ಒಂದು ಮೂಲೆಯಲ್ಲಿ ಒಬ್ಬಳೇ ಕೂತಿದ್ದಳು, ಎರಡು ಕುರ್ಚಿ ಆ ಕಡೆ, ಎರಡು ಕುರ್ಚಿ ಈ ಕಡೆ ಖಾಲಿ. ಅಕ್ಕನ ಸರದಿ ಬಂತು. ಸಾವಿರಾರು ಜನರ ಮಾತನ್ನು ಬರೆದವಳು ಒಂದು ದಿನವೂ ನಾಲ್ಕು ಜನರ ಎದುರು ಮಾತಾಡಿದವಳಲ್ಲ.

"ಆ ಅರ್ಜಿ ಬರೆದದ್ದು ನಾನು" ಎಂದಳು. "ದೂರಿಲ್ಲ ಅನ್ನೋ ಮಾತು ಆ ತಾಯಿದಲ್ಲ. ನನ್ನದು."

ಪೊಲೀಸ್ ಇಲಾಖೆಯ ವಕೀಲರು ಎದ್ದರು. "ಈಗ ಎಲ್ಲರೂ ಹೀಗೆ ಹೇಳಬಹುದು. ಪ್ರತಿಭಟನೆಯವರು ಹೇಳಿಕೊಟ್ಟು ಕಳಿಸಿರಬಹುದು. ಅದಕ್ಕೆ ಸಾಕ್ಷಿ ಏನಿದೆ?"

ಅಕ್ಕ ಚೀಲದಿಂದ ಒಂದು ಕಟ್ಟು ಹಾಳೆ ತೆಗೆದು ಅಧಿಕಾರಿಯ ಎದುರಿಗಿಟ್ಟಳು. ಹನ್ನೊಂದು ಹಾಳೆ. ಅಧಿಕಾರಿ ಮೊದಲನೆಯದನ್ನು ನೋಡಿದರು, ಎರಡನೆಯದನ್ನು ನೋಡಿದರು, ಕನ್ನಡಕ ಸರಿಮಾಡಿಕೊಂಡು ಮೂರನೆಯದನ್ನು ನೋಡಿದರು. ಎಲ್ಲದರ ಬುಡದಲ್ಲೂ ಅದೇ ಎರಡು ಸಾಲು, ಅದೇ ಅಕ್ಷರ. ನಡುವೆ ಖಾಲಿ.

"ಇವು ಯಾರ ಅರ್ಜಿ?"

"ಗೊತ್ತಿಲ್ಲ ಮೇಡಂ. ಅವರು ಇನ್ನೂ ಸತ್ತಿಲ್ಲ."

ಅಕ್ಕ ತಾನು ಕೆಲಸ ಮಾಡುವ ರೀತಿಯನ್ನು ಬಿಡಿಸಿ ಹೇಳಿದಳು. ಆ ದಿನದ ಅರ್ಜಿಯಲ್ಲಿ ನಡುವಿನ ಐದು ಸಾಲು ಯಾಕೆ ಇಕ್ಕಟ್ಟಾಗಿದೆ, ಕೆಳಗಿನ ಎರಡು ಸಾಲು ಯಾಕೆ ಅಗಲವಾಗಿದೆ ಎಂದು ತೋರಿಸಿದಳು. ಕೊನೆಗೆ ಹೇಳಬೇಕಾದ್ದನ್ನು ಅಧಿಕಾರಿಗೆ ಹೇಳಲಿಲ್ಲ, ಮೂಲೆಯ ಕಡೆ ತಿರುಗಿದಳು.

"ನೀನು ಹೇಳಿದ್ದು ಪೊಲೀಸರು ಹೊಡೆದ್ರು ಅಂತ. ಕಾಗದ ತಗೀತಿದ್ದ, ಹೊಡೆದುಬಿಟ್ರು ಅಂತ. ಅಷ್ಟೇ ಹೇಳಿದ್ದು ನೀನು. ನನಗೆ ಚೆನ್ನಾಗಿ ನೆನಪಿದೆ. ಮೊನ್ನೆ ನೀನು ಕೇಳಿದಾಗ್ಲೂ ನೆನಪಿತ್ತು. ಸುಳ್ಳು ಹೇಳಿದೆ ನಾನು, ತಪ್ಪಾಯ್ತು."

ಆಯಾ ಎರಡೂ ಕೈಯಿಂದ ಮುಖ ಮುಚ್ಚಿಕೊಂಡು, ಮಗ ಸತ್ತ ದಿನವೂ ಅಳದ ಹಾಗೆ ಅತ್ತಳು. ಸ್ವಲ್ಪ ಹೊತ್ತಿಗೆ ಟೈಲರ್ ಎದ್ದು ಹೋಗಿ ಅವಳ ಪಕ್ಕದ ಖಾಲಿ ಕುರ್ಚಿಯಲ್ಲಿ ತಲೆ ತಗ್ಗಿಸಿ ಕೂತ. ಆ ಅರ್ಜಿಯನ್ನು ತಾಯಿಯ ಹೇಳಿಕೆಯೆಂದು ಪರಿಗಣಿಸುವುದಿಲ್ಲ ಎಂದು ಅಧಿಕಾರಿ ಅಲ್ಲೇ ಬರೆಸಿದರು. ಸಂಜೆಯ ಹೊತ್ತಿಗೆ ಶಾಮಿಯಾನ ಮತ್ತೆ ತುಂಬಿತು.

ಗಂಡ ದಾರಿಯುದ್ದಕ್ಕೂ ಅವಳ ಕೈ ಬಿಡಲಿಲ್ಲ. ಅಕ್ಕನ ಮೈ ಹಗುರಾಗಿತ್ತು. ಮೇಜು ಹೋದರೆ ಹೋಗಲಿ, ಮನೆಯ ಜಗುಲಿಯಲ್ಲೇ ಕೂತು ಬರೆದರಾಯಿತು, ಇನ್ನು ಮುಂದೆ ಖಾಲಿ ಹಾಳೆಯಿಂದಲೇ ಶುರು ಮಾಡಿದರಾಯಿತು ಎಂದುಕೊಂಡಳು. ಟಿವಿಯಲ್ಲಿ ಆ ಹಾಳೆ ಕಂಡ ಮೇಲೆ ಅವತ್ತು ರಾತ್ರಿ ಮೊದಲ ಬಾರಿಗೆ ಕಣ್ತುಂಬ ನಿದ್ದೆ ಮಾಡಿದಳು.

ಬೆಳಿಗ್ಗೆ ಒಂಬತ್ತಕ್ಕೆ ತನ್ನ ಪೆನ್ನು ಕಾಗದಗಳನ್ನಾದರೂ ಎತ್ತಿಕೊಂಡು ಬರೋಣ ಎಂದು ಹಿಂದಿನ ಗೇಟಿಗೆ ಹೋದಳು. ಮೇಜು ಇತ್ತು, ಯಾರೂ ತೆಗೆದಿರಲಿಲ್ಲ. ಅದರ ಎದುರು ಸಾಲು ನಿಂತಿತ್ತು, ಶವಾಗಾರದ ತಿರುವು ದಾಟಿ ಸೈಕಲ್ ಸ್ಟ್ಯಾಂಡಿನವರೆಗೆ. ಯಾರೂ ಅಳುತ್ತಿರಲಿಲ್ಲ. ಯಾರಿಗೂ ಅವಸರವಿರಲಿಲ್ಲ. ತನ್ನನ್ನು ಹೊಗಳಲು ಬಂದಿರಬೇಕು ಎಂದು ಒಂದು ಕ್ಷಣ ಅವಳಿಗೆ ಅನ್ನಿಸಿತು, ಅದನ್ನು ಮುಚ್ಚಿಟ್ಟು ಏನು ಪ್ರಯೋಜನ. ಆಮೇಲೆ ಕೈಗಳನ್ನು ನೋಡಿದಳು. ಪ್ರತಿಯೊಬ್ಬರ ಕೈಯಲ್ಲೂ ಮಡಚಿದ ಹಳೆಯ ಹಾಳೆ. ಒಂದು ಜೆರಾಕ್ಸ್ ಮಾಡಿಸಿ ಜೋಪಾನವಾಗಿ ಇಟ್ಟುಕೊಳ್ಳಿ ಎಂದು ಅವಳೇ ಎಲ್ಲರಿಗೂ ಹೇಳಿ ಕಳಿಸುತ್ತಿದ್ದಳು.

ಮೊದಲು ನಿಂತಿದ್ದವರು ಒಬ್ಬ ಮುದುಕರು. ಪ್ಲಾಸ್ಟಿಕ್ ಕವರಿನಿಂದ ಹಾಳೆ ತೆಗೆದು ಮೇಜಿನ ಮೇಲೆ ಬಿಡಿಸಿಟ್ಟರು.

"ಆರು ವರ್ಷ ಆಯ್ತಮ್ಮ. ನನ್ನ ಮಗಳು, ಗಂಡನ ಮನೇಲಿ ಮೆಟ್ಟಿಲಿಂದ ಬಿದ್ಲು ಅಂದ್ರು. ಅಳಿಯನ ಬಗ್ಗೆ ಆವತ್ತು ನಿಮ್ಮ ಹತ್ರ ಒಂದು ಮಾತು ಹೇಳಿದ್ದೆ. ನೀವು ಬರ್ಕೊಂಡಿದ್ದೀರಿ ಅಂತ ಇಷ್ಟು ವರ್ಷ ಅಂದ್ಕೊಂಡಿದ್ದೀನಿ. ಬರೆದಿದ್ದಾರಲ್ಲ, ಯಾರಾದ್ರೂ ಓದಿ ಕೇಳೋಕೆ ಬರ್ತಾರೆ ಅಂತ ಕಾಯ್ತಾ ಇದ್ದೆ. ನನಗೆ ಓದು ಬರಲ್ಲ. ಏನಿದೆ ಅಂತ ಓದಿ ಹೇಳಿ."

ಅಕ್ಕ ಹಾಳೆ ಎತ್ತಿಕೊಂಡಳು. ವೈದ್ಯಾಧಿಕಾರಿಗಳಿಗೆ ಎಂಬಲ್ಲಿಂದ ಶುರು ಮಾಡಿದಳು. ಮಗಳ ಹೆಸರು ಓದಿದಳು, ಇಪ್ಪತ್ತಾರು ವರ್ಷ ಎಂದು ಓದಿದಳು, ಮೆಟ್ಟಿಲಿನಿಂದ ಜಾರಿ ಎಂದು ಓದಿದಳು. ಅಲ್ಲಿಗೆ ನಿಲ್ಲಿಸಿದಳು. ಹಾಳೆಯನ್ನು ಮೆಲ್ಲಗೆ ಮಡಚಲು ಹೋದಳು.

ಮುದುಕರು ಅದರ ಮೇಲೆ ಕೈ ಇಟ್ಟರು. "ಇನ್ನೂ ಎರಡು ಸಾಲಿದೆ" ಎಂದರು. "ಓದೋಕೆ ಬರದಿದ್ರೂ ಸಾಲು ಎಣಿಸೋಕೆ ಬರುತ್ತಮ್ಮ ನನಗೆ. ಓದಿ."